ಮಾರಪ್ಪನವರ ಲೆಟರ್‌ಹೆಡ್ಡು

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ದಿನಸಿ ಸಾಮಾನಿನ ಚೀಟಿಯನ್ನು ವಿಧಾನಸಭಾ ಸದಸ್ಯರ ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಬರೆಯುತ್ತಿದ್ದೆವು ಎಂದರೆ ನೀವು ನಂಬಲಿಕ್ಕಿಲ್ಲ. ಮೊನ್ನೆ ಅಮ್ಮನ ಹಳೆಯ ಅಡುಗೆ ಪುಸ್ತಕದೊಳಗಿಂದ ಅಂಥದೊಂದು ಹಾಳೆ ಜಾರಿ ಬಿತ್ತು. ಒಂದು ಬದಿಯಲ್ಲಿ ಅಮ್ಮನ ಗುಂಡನೆಯ ಅಕ್ಷರದಲ್ಲಿ ತೊಗರಿಬೇಳೆ, ಹುಣಸೆಹಣ್ಣು, ಸೀಗೆಪುಡಿ. ತಿರುಗಿಸಿದರೆ ನೀಲಿ ಗಂಡಭೇರುಂಡ, ಅದರ ಕೆಳಗೆ ‘ಚಿಕ್ಕಮಾರಪ್ಪ, ವಿಧಾನಸಭಾ ಸದಸ್ಯರು’, ಅದರ ಕೆಳಗೆ ಅರ್ಧಕ್ಕೇ ನಿಂತ ನನ್ನ ಬೆರಳಚ್ಚು: ‘ಮಾನ್ಯರೇ, ಈ ಪತ್ರವನ್ನು ತರುತ್ತಿರುವ ಶ್ರೀಮತಿ’. ಆ ಶ್ರೀಮತಿ ಯಾರೆಂದು ನೆನಪಿಲ್ಲ. ಬಹುಶಃ ಶ್ರೀಮತಿಯೇ ಇರಲಿಲ್ಲ, ಶ್ರೀ ಇದ್ದರು. ಅಂಥ ತಪ್ಪುಗಳಲ್ಲಿ ನನ್ನ ಕೈ ಪಳಗಿತ್ತು.

ಕೆಟ್ಟ ಹಾಳೆಯನ್ನು ಎಸೆಯುವ ಜಾಯಮಾನ ನಮ್ಮದಲ್ಲ. ದಪ್ಪ ಕಾಗದ, ಹಿಂದೆ ಖಾಲಿ. ದಿನಾ ಮೂರು ನಾಲ್ಕು ಹಾಳೆ ನನ್ನ ಚೀಲದಲ್ಲಿ ಮನೆಗೆ ಬರುತ್ತಿದ್ದವು. ಒಮ್ಮೆ ತಾಳೆ ಎಣ್ಣೆಗೆ ಊರೆಲ್ಲ ಸಾಲು ನಿಂತಿದ್ದ ಕಾಲದಲ್ಲಿ ಅಪ್ಪ ಇಂಥ ಚೀಟಿ ಹಿಡಿದು ಅಂಗಡಿಗೆ ಹೋದರು. ಅಂಗಡಿಯವನ ಕಣ್ಣಿಗೆ ಮೊದಲು ಬಿದ್ದದ್ದು ಗಂಡಭೇರುಂಡ. ಅವನು ಎದ್ದು ನಿಂತು, ಸಾಲಿನ ಪಕ್ಕದಿಂದ ಅಪ್ಪನನ್ನು ಒಳಗೆ ಕರೆದು, ಡಬ್ಬಿಯ ತುಂಬ ಎಣ್ಣೆ ಕೊಟ್ಟು ಕಳಿಸಿದ. ಅಪ್ಪ ಬೇಡವೆನ್ನಲಿಲ್ಲ. ಆಮೇಲೆ ಪ್ರತಿ ಸಲ ಬೇಕೆಂದೇ ಆ ಬದಿಯನ್ನು ಮೇಲೆ ಮಾಡಿ ಹಿಡಿಯುತ್ತಿದ್ದರೆಂದು ಅಮ್ಮನ ಆರೋಪ. ಅಪ್ಪ ಅದನ್ನು ಕೊನೆಯವರೆಗೂ ಅಲ್ಲಗಳೆಯಲಿಲ್ಲ.

ನಾವು ಆಗ ಆರ್.ಟಿ. ನಗರದಲ್ಲಿ ಬಾಡಿಗೆಗಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು, ನಾನು ಬಿ.ಎ. ಮುಗಿಸಿ ಮುಖ್ಯರಸ್ತೆಯ ಟೈಪಿಂಗ್ ಶಾಲೆಯಲ್ಲಿ ಕನ್ನಡ ಬೆರಳಚ್ಚಿನ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಒಂದು ಬೆಳಿಗ್ಗೆ ಆ ಶಾಲೆಯ ಮುಂದೆ ಜೀಪು ನಿಂತಿತು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕಾಲಲ್ಲಿ ಕೆಮ್ಮಣ್ಣು ಮೆತ್ತಿದ ಚಪ್ಪಲಿ ಧರಿಸಿದ, ಐವತ್ತು ದಾಟಿದ ಒಬ್ಬರು ಇಳಿದು ಬಂದರು. ನಮ್ಮ ಮೇಷ್ಟ್ರು ದಡಬಡಿಸಿ ಎದ್ದದ್ದರಿಂದ ಇವರು ಯಾರೋ ದೊಡ್ಡವರು ಎಂದು ತಿಳಿಯಿತು.

“ಮೇಷ್ಟ್ರೇ, ಕನ್ನಡ ಟೈಪು ಬರೋ ಒಬ್ರನ್ನ ಕೊಡಿ. ಬೆಳಗ್ಗೆ ಎರಡು ಮೂರು ಗಂಟೆ ಬಂದ್ರೆ ಸಾಕು. ನಮ್ಮ ಮನೆ ಸಂಜಯನಗರದಾಗೇ ಐತೆ.”

ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. ನಾನು ಉತ್ತಮ ವಿದ್ಯಾರ್ಥಿನಿ ಎಂದಲ್ಲ. ಆ ಹೊತ್ತಿಗೆ ಶಾಲೆಯಲ್ಲಿ ಇದ್ದವಳು ನಾನೊಬ್ಬಳೇ.

ಚಿಕ್ಕಮಾರಪ್ಪನವರದು ಯಲಹಂಕದ ಈಚೆಗಿನ ಒಂದು ಹಳ್ಳಿ. ದ್ರಾಕ್ಷಿ ಬೆಳೆಗಾರರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಪಂಚಾಯಿತಿ ಛೇರ್ಮನ್ನರಾಗಿ, ತಾಲ್ಲೂಕು ಬೋರ್ಡಿನಲ್ಲಿ ಕೂತು, ಆಗಷ್ಟೇ ಮುಗಿದ ಚುನಾವಣೆಯಲ್ಲಿ ಎಮ್ಮೆಲ್ಲೆ ಆಗಿದ್ದರು. ಟಿಕೆಟ್ಟು ಸಿಕ್ಕಿದ್ದು ಹೇಗೆಂದು ಒಮ್ಮೆ ಕೇಳಿದ್ದಕ್ಕೆ, “ಇಬ್ರು ದೊಡ್ಡೋರು ಕಿತ್ತಾಡ್ತಾ ಇದ್ರು ಕಣವ್ವ, ನಡುವಿನಾಗೆ ನಾನು ಸುಮ್ಕೆ ಕೂತಿದ್ದೆ” ಎಂದರು. ಅವರ ರಾಜಕೀಯ ಜೀವನದ ಬಗ್ಗೆ ಇದಕ್ಕಿಂತ ಖಚಿತವಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಸಂಜಯನಗರದ ಮನೆಯ ಜಗಲಿಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ನನ್ನ ಮಿಷನ್ನು. ಜಗಲಿಯಲ್ಲಿ ಜನ. ಆಸ್ಪತ್ರೆಯಲ್ಲಿ ಹಾಸಿಗೆ, ಶಾಲೆಯಲ್ಲಿ ಸೀಟು, ಬೀದಿಗೆ ನಲ್ಲಿ, ಹುಣಸಮಾರನಹಳ್ಳಿಯ ತನಕ ಇನ್ನೊಂದು ಬಸ್ಸು. ಯಾರು ಏನು ಕೇಳಿದರೂ ಮಾರಪ್ಪನವರು ಕೋಣೆಯ ಕಡೆ ತಿರುಗಿ, “ಟೈಪವ್ವಾ, ಒಂದು ಒಡಿ” ಎನ್ನುವರು. ನನ್ನ ನಿಜವಾದ ಹೆಸರು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೊಡೆದದ್ದನ್ನು ಅವರು ಓದುತ್ತಲೂ ಇರಲಿಲ್ಲ, ಕೆಳಗೆ ಬಳ್ಳಿಯಂಥ ಒಂದು ಸಹಿ ಎಳೆದುಬಿಡುವರು. ಚಿಕ್ಕಬಾಣಾವರದ ಒಂದೇ ಶಾಲೆಯ ಒಂದೇ ಹುದ್ದೆಗೆ ಇಬ್ಬರು ಮೇಷ್ಟರು ವರ್ಗ ಕೇಳಿ ಬಂದಾಗ ಇಬ್ಬರಿಗೂ ಕಾಗದ ಕೊಟ್ಟರು. ಅಧಿಕಾರಿ ಫೋನ್ ಮಾಡಿ, ಯಾರಿಗೆ ಕೊಡಲಿ ಸ್ವಾಮಿ ಎಂದು ಕೇಳಿದರೆ, “ಇಬ್ರೂ ಒಳ್ಳೇವ್ರೇ, ನೀವೇ ನೋಡ್ಕಳಿ” ಎಂದು ಇಟ್ಟರು.

ನಾನು ಒಮ್ಮೆ ಧೈರ್ಯ ಮಾಡಿ, “ಸಾರ್, ಕೆಲವರಿಗಾದರೂ ಆಗಲ್ಲ ಅನ್ನಬಾರದಾ?” ಎಂದೆ.

“ಇಲ್ಲ ಅನ್ನಾಕೆ ಓಟು ಯಾಕವ್ವ ಬೇಕು? ಅದನ್ನ ಮನೇಲೇ ಕುಂತ್ಕಂಡು ಅನ್ಬೋದು.”

ಹಸಿರು ಶಾಯಿಯ ಸಹಿಗೆ ಬೆಲೆ ಜಾಸ್ತಿ, ನೀಲಿಯದಕ್ಕೆ ಕೆಲಸ ಆಗುವುದಿಲ್ಲ, ಅಧಿಕಾರಿಗಳಿಗೆ ಅದು ಗುಟ್ಟಿನ ಸೂಚನೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ನೀಲಿ ಸಹಿಯವರು ವಾಪಸು ಬಂದು ಹಸಿರು ಕೇಳುತ್ತಿದ್ದರು. ಅಸಲು ಸಂಗತಿ ಏನೆಂದರೆ, ಆ ಪೆನ್ನಿಗೆ ಶಾಯಿ ತುಂಬಿಸುತ್ತಿದ್ದವಳು ನಾನು. ಎರಡು ಬಾಟಲಿಗಳಲ್ಲಿ ಕೈಗೆ ಯಾವುದು ಸಿಕ್ಕಿತೋ ಅದು. ಇಡೀ ಕ್ಷೇತ್ರದ ಭವಿಷ್ಯವನ್ನು ನಾನು ಹೀಗೆ ಅರಿಯದೆ ನಿರ್ಧರಿಸುತ್ತಿದ್ದೆ.

ವಿಧಾನಸಭೆಯಲ್ಲಿ ಮಾತ್ರ ಮಾರಪ್ಪನವರು ಬಾಯಿ ಬಿಡುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದನ್ನು ನನಗೆ ಹೇಳಿದವರು ಅವರ ಹೆಂಡತಿ ಲಕ್ಷ್ಮಮ್ಮನವರು. ಗೆದ್ದ ಹೊಸದರಲ್ಲಿ ಅವರು ಎದ್ದು ನಿಂತು ‘ಅಳ್ಳಿಗೆ ಅಣ ಬಿಡುಗಡೆ’ ಎಂದರಂತೆ. ಹಿಂದಿನ ಸಾಲಿನಿಂದ ಯಾರೋ, “ಆಣೆ ಹೋಗಿ ಪೈಸೆ ಬಂತು ಸ್ವಾಮಿ” ಎಂದರಂತೆ. ಎಲ್ಲರೂ ನಕ್ಕರು. ಇವರೂ ನಕ್ಕು ಕೂತವರು ಮತ್ತೆ ಏಳಲಿಲ್ಲ.

ಹೀಗೆ ಮೂರು ವರ್ಷ ಕಳೆದ ಮೇಲೆ, ನಗರದ ಹೊಸ ಬಡಾವಣೆಗೆಂದು ಮಾರಪ್ಪನವರ ಹಳ್ಳಿಯ ಜಮೀನನ್ನೆಲ್ಲ ತೆಗೆದುಕೊಳ್ಳುವ ಸರ್ಕಾರದ ಪ್ರಕಟಣೆ ಬಂತು. ಊರಿನವರೆಲ್ಲ ಜಗಲಿಗೆ ಬಂದರು. ಮುಂದೆ ಇದ್ದವನು ಪಿಳ್ಳಪ್ಪ. ಮಾರಪ್ಪನವರ ಚಿಕ್ಕಪ್ಪನ ಮಗ, ಪಕ್ಕದ ತೋಟದವನು. ಇಬ್ಬರ ತೋಟಕ್ಕೂ ನಡುವೆ ಒಂದೇ ಬದು.

“ಅಣ್ಣಯ್ಯ, ಏನಾರ ಮಾಡು. ಇನ್ಯಾತಕ್ಕೆ ನಿನ್ನ ಅಲ್ಲಿಗೆ ಕಳ್ಸಿದ್ದು?”

“ಟೈಪವ್ವಾ, ಒಂದು ಒಡಿ” ಎಂದರು ಮಾರಪ್ಪ. ಬಡಾವಣೆ ಬೇಡವೆಂದು ಆಕ್ಷೇಪಣೆಯ ಪತ್ರ.

ನಾನು ಕಾಗದ ಏರಿಸಿದೆ, ಕೈ ಓಡಲಿಲ್ಲ. ನಮ್ಮಪ್ಪ ಸೈಟಿಗೆ ಅರ್ಜಿ ಹಾಕಿ ಒಂಬತ್ತು ವರ್ಷವಾಗಿತ್ತು. ಮೂರು ಬಡಾವಣೆಗಳಲ್ಲಿ ಅವರ ಹೆಸರು ಬಂದಿರಲಿಲ್ಲ. ಈ ನಾಲ್ಕನೆಯದರಲ್ಲಿ ಬಂದೇ ಬರುತ್ತದೆಂದು ಮನೆಯಲ್ಲಿ ಆಗಲೇ ಅಡುಗೆಮನೆ ಯಾವ ದಿಕ್ಕಿಗೆ ಎಂಬ ಜಗಳ ಶುರುವಾಗಿತ್ತು. ಊರಿನವರು ಹೋದ ಮೇಲೆ ನಾನು ಮಾರಪ್ಪನವರ ಮುಂದೆ ನಿಂತೆ.

“ಸಾರ್, ಒಂದು ವಿಷಯ ಹೇಳ್ಬೇಕು. ನಮ್ಮಪ್ಪ ಇದೇ ಲೇಔಟಿಗೆ ಸೈಟ್ ಕೇಳಿದ್ದಾರೆ.”

ಅವರು ನಕ್ಕರು. “ಅಂಗಂತ ಮೊದ್ಲೇ ಏಳಾದಲ್ವಾ? ನಿಮ್ಮಪ್ಪಂಗೂ ಒಂದು ಒಡಿ.”

“ಅದು ಹೇಗೆ ಸಾರ್? ಲೇಔಟೇ ಬೇಡ ಅಂತ ಒಂದು, ಅದರಲ್ಲಿ ಸೈಟ್ ಕೊಡಿ ಅಂತ ಇನ್ನೊಂದು?”

“ಬ್ಯಾಡ ಅನ್ನೋದು ನನ್ ಆಸೆ. ಆದ್ರೆ ನಿಮ್ಮಪ್ಪಂಗೆ ಸಿಗ್ಲಿ ಅನ್ನೋದೂ ಆಸೇನೇ. ಎರಡೂ ಒಡಿ.”

ಎರಡೂ ಹೊಡೆದೆ. ಎರಡಕ್ಕೂ ಒಂದೇ ದಿನ, ಒಂದೇ ಪೆನ್ನಿನಲ್ಲಿ ಸಹಿ ಬಿತ್ತು. ಸಂಜೆ ಅಪ್ಪ ತಮ್ಮ ಪತ್ರವನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ ಮೊದಲ ಪ್ರಶ್ನೆ: “ಹಸಿರು ಇಂಕ್ ಇರಲಿಲ್ವೇನೇ?”

ಆಕ್ಷೇಪಣೆಯ ಪತ್ರಕ್ಕೆ ಉತ್ತರ ಬರಲಿಲ್ಲ. ಸದನದಲ್ಲೇ ಕೇಳಬೇಕೆಂದು ಮಾರಪ್ಪನವರು ನಿಶ್ಚಯಿಸಿದರು. ನಾನು ಎರಡು ಪುಟದ ಭಾಷಣ ಬರೆದೆ. ಬರೆದದ್ದು ಸುಲಭ, ಹೇಳಿಸುವುದು ಕಷ್ಟ. ಪ್ರತಿದಿನ ಜನ ಹೋದ ಮೇಲೆ ಅರ್ಧ ಗಂಟೆ ಹಕಾರದ ಪಾಠ. ಹಣ, ಹಳ್ಳಿ, ಹಕ್ಕು, ಹೊಲ. ನಾಲ್ಕು ದಿನದಲ್ಲಿ ಅವರು ‘ಹ’ ಹಿಡಿದರು. ಹಿಡಿದ ಮೇಲೆ ಬಿಡಲೊಲ್ಲರು. ‘ಮಾನ್ಯ ಹಧ್ಯಕ್ಷರೇ’ ಎಂದರು. ‘ಹಿಲಾಖೆ’ ಎಂದರು. ‘ಹೂರಿನ ಹನ್ನ’ ಎಂದದ್ದು ಊರಿನ ಅನ್ನ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಒಳಗಿನಿಂದ ಲಕ್ಷ್ಮಮ್ಮನವರು, “ಇಷ್ಟು ವರ್ಸ ಉಸಿರು ಕಟ್ಕಂಡಿದ್ರು, ಈಗ ಎಲ್ಲಾ ಆಚೆಗೆ ಬುಡ್ತಾವ್ರೆ” ಎಂದರು.

ಅವರು ಮಾತಾಡುವ ದಿನ ನನಗೊಂದು ಪಾಸು ಕೊಡಿಸಿದರು. ಪ್ರೇಕ್ಷಕರ ಗ್ಯಾಲರಿಯಲ್ಲಿ, ಪರೀಕ್ಷೆ ಬರೆಯುವವಳು ನಾನೇ ಎಂಬಂತೆ ಕೂತೆ. ಊಟದ ನಂತರದ ಹೊತ್ತು. ಕೆಳಗೆ ಅರ್ಧ ಕುರ್ಚಿ ಖಾಲಿ. ಮಂತ್ರಿಗಳು ಹಿಂದಕ್ಕೆ ಬಾಗಿ ಅಧಿಕಾರಿಯ ಚೀಟಿ ಓದುತ್ತಿದ್ದರು. ಮಾರಪ್ಪನವರು ಎದ್ದು, ಕನ್ನಡಕ ಹಾಕಿ, “ಮಾನ್ಯ ಸಭಾಧ್ಯಕ್ಷರೇ” ಎಂದು ಸ್ಪಷ್ಟವಾಗಿ ಆರಂಭಿಸಿ ಒಂದು ಪುಟ ತಪ್ಪಿಲ್ಲದೆ ಓದಿದರು. ಓದಿದ್ದು ಸರಿಯಾಗಿತ್ತು, ಯಾರೂ ಕೇಳುತ್ತಿರಲಿಲ್ಲ. ಎರಡನೆಯ ಪುಟ ತಿರುವುವಾಗ ಅವರು ತಲೆ ಎತ್ತಿ ಸುತ್ತ ನೋಡಿದರು. ಕನ್ನಡಕ ತೆಗೆದು ಕಿಸೆಗೆ ಹಾಕಿದರು.

“ಸ್ವಾಮಿ, ಊರು ಬೆಳೀಬೇಕು, ನಾನು ಬ್ಯಾಡ ಅನ್ನಕಿಲ್ಲ. ಪ್ಯಾಟೆಯೋರಿಗೂ ಮನೆ ಬೇಕು. ನಮ್ಮ ಮನ್ಯಾಗೆ ಟೈಪು ಒಡೆಯೋ ಉಡುಗಿ ಅವ್ಳೆ, ಅವರಪ್ಪ ಒಂಬತ್ತು ವರ್ಸದಿಂದ ಕಾಯ್ತಾವ್ನೆ. ಅವ್ನಿಗೂ ಕೊಡಿ. ಆದ್ರೆ ನಮ್ಮನ್ನ ಒಂದು ಮಾತು ಕೇಳಿ. ನಾವು ದ್ರಾಕ್ಸಿ ಬಳ್ಳಿ ಆಕೋವಾಗ ಚಪ್ಪರ ಎಲ್ಲಿಗೆ ಬೇಕು ಅಂತ ಬಳ್ಳೀನೇ ನೋಡಿ ಆಕ್ತೀವಿ. ನೀವು ನಕ್ಸೆ ನೋಡಿ ಆಕ್ತಾ ಇದೀರಿ. ಅಷ್ಟೇಯ.”

ಕೂತರು. ಯಾರೂ ನಗಲಿಲ್ಲ. ಯಾರೂ ಮೇಜು ಕುಟ್ಟಲೂ ಇಲ್ಲ. ಮಂತ್ರಿಗಳು ಎದ್ದು, ಪರಿಶೀಲಿಸಲಾಗುವುದು ಎಂದರು. ನಾನು ಗ್ಯಾಲರಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಇಡೀ ರಾಜ್ಯಕ್ಕೆ ನಮ್ಮಪ್ಪನ ಅರ್ಜಿಯ ಸಂಗತಿ ಗೊತ್ತಾಯಿತಲ್ಲ ಎಂಬುದೇ ನನ್ನ ಅಂದಿನ ಚಿಂತೆ.

ಕೆಲವು ತಿಂಗಳ ಮೇಲೆ ಸದನದ ನಡವಳಿಯ ಪುಸ್ತಕ ಬಂತು. ಓದಿ ಹೇಳೆಂದರು. ಬರೆದುಕೊಂಡವರು ಅವರ ಮಾತನ್ನೆಲ್ಲ ತಿದ್ದಿ, ‘ದ್ರಾಕ್ಷಿ ಬಳ್ಳಿಯನ್ನು ಹಾಕುವ ಸಂದರ್ಭದಲ್ಲಿ’ ಎಂದು ಒಂದೂ ಹಕಾರ ಬಿಡದೆ ಅಚ್ಚು ಹಾಕಿಸಿದ್ದರು. ಮಾರಪ್ಪನವರು ಕೊನೆಯವರೆಗೂ ಕೇಳಿಸಿಕೊಂಡು, “ಯಾರವ್ವ ಇವ್ನು, ಚೆನ್ನಾಗಿ ಮಾತಾಡವ್ನೆ” ಎಂದರು.

ಪರಿಶೀಲನೆ ನಡೆಯಿತೆಂದೇ ಹೇಳಬೇಕು. ಒಂದು ಬೆಳಿಗ್ಗೆ ಸಫಾರಿ ಸೂಟಿನ ಅಧಿಕಾರಿಯೊಬ್ಬರು ಮನೆಗೆ ಬಂದು ಮೆಲುದನಿಯಲ್ಲಿ ಮಾತಾಡಿದರು. ಕೋಣೆಯ ಬಾಗಿಲು ತೆರೆದಿತ್ತು. ನಾನು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೇಳುತ್ತ ಕೂತೆ.

“ಸಾರ್, ನಿಮ್ಮ ಎರಡು ಸರ್ವೆ ನಂಬರ್ ಬಿಡಿಸಿಬಿಡೋಣ. ಹಣ್ಣಿನ ತೋಟ ಅಂತ ತೋರಿಸ್ತೀವಿ. ನಿಮ್ಮದೊಂದು ಲೆಟರ್ ಇದ್ರೆ ಸಾಕು.”

“ಪಿಳ್ಳಪ್ಪಂದು?”

“ಅದೆಲ್ಲ ಆಗಲ್ಲ ಸಾರ್. ಎಲ್ಲರದೂ ಬಿಟ್ರೆ ಲೇಔಟ್ ಎಲ್ಲಿ ಮಾಡೋದು?”

“ಅವಂದೂ ದ್ರಾಕ್ಸಿ ತ್ವಾಟವೇ ಕಣಪ್ಪ. ಒಂದೇ ಬದು.”

“ಅವರು ಎಮ್ಮೆಲ್ಲೆ ಅಲ್ವಲ್ಲ ಸಾರ್.”

ಅಧಿಕಾರಿ ಹೋದ ಮೇಲೆ ಮಾರಪ್ಪನವರು ಎಂದಿನಂತೆ, “ಟೈಪವ್ವಾ, ಒಂದು ಒಡಿ” ಎಂದರು. ಹೊಡೆದುಕೊಟ್ಟೆ. ಅವರು ಪೆನ್ನಿನ ಮುಚ್ಚಳ ತೆಗೆದರು. ಮುಚ್ಚಿದರು. ಕಾಗದವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟರು. ಹಾಗೆ ಎಂಟು ದಿನ ಅದು ಅಲ್ಲೇ ಇತ್ತು. ಅಷ್ಟರಲ್ಲಿ ಬೇರೆ ಎಷ್ಟೋ ಕಾಗದಗಳಿಗೆ ಸಹಿ ಬಿತ್ತು.

“ರುಜು ಆಕಿ ಅಂದ್ರೆ ಆಕಿ” ಎಂದು ಲಕ್ಷ್ಮಮ್ಮನವರು ಕಾಫಿ ಲೋಟ ಕುಕ್ಕಿದರು. “ಆ ಗಿಡ ನೆಟ್ಟಾಗ ನೀರು ಒತ್ತೋಳು ನಾನು. ಬುಟ್ಕೊಟ್ರೆ ಊರೋರು ನಿಮ್ಮನ್ನ ಒಳ್ಳೇವ್ನು ಅಂತಾರಾ?”

“ಅನ್ನೋದು ಬ್ಯಾಡ ಬುಡು.”

ಮಾರಪ್ಪನವರು ನನ್ನ ಕಡೆ ತಿರುಗಿದರು. “ನೀನೇನಂತೀಯವ್ವ? ಓದಿರೋಳು.”

“ನನಗೇನು ಗೊತ್ತಾಗುತ್ತೆ ಸಾರ್” ಎಂದೆ. ಅದು ವಿನಯವಲ್ಲ. ಎಷ್ಟು ಜಮೀನು ಬಿಟ್ಟುಹೋದರೆ ಅಷ್ಟು ಸೈಟು ಕಡಿಮೆ ಎಂಬ ಲೆಕ್ಕ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಒಂಬತ್ತನೆಯ ದಿನ ಅವರು ಆ ಕಾಗದವನ್ನು ನನಗೆ ಕೊಟ್ಟು, “ಅರ್ದಾಕು” ಎಂದರು. ಹರಿದೆ. ನಾನು ಅಲ್ಲಿದ್ದಷ್ಟು ಕಾಲ ಅವರು ಸಹಿ ಹಾಕದೆ ಬಿಟ್ಟ ಪತ್ರ ಅದೊಂದೇ.

ಕೆಲಸ ಶುರುವಾಯಿತು. ಬುಲ್‌ಡೋಜರು ಹಳ್ಳಿಯ ತೆಂಕಣ ತುದಿಯಿಂದ ಬಂತು. ಪಿಳ್ಳಪ್ಪನ ತೋಟ ಮೊದಲ ಹಂತಕ್ಕೆ ಸೇರಿತ್ತು. ಒಂದೇ ಬದುವಿನಾಚೆಯ ಮಾರಪ್ಪನವರದು ಕೊನೆಯ ಹಂತಕ್ಕೆ. ನಕ್ಷೆಯ ಗೆರೆ ಆ ಬದುವಿನ ಮೇಲೆ ಹಾದುಹೋಗಿತ್ತು, ಅಷ್ಟೇ. ಹೀಗಾಗಿ ಸುತ್ತ ಕೆಂಪು ಮಣ್ಣು ಹರವಿ ಕಲ್ಲು ನೆಟ್ಟ ಬಯಲಿನ ನಡುವೆ ಮಾರಪ್ಪನವರ ಚಪ್ಪರ ಒಂದೂವರೆ ವರ್ಷ ಹಸಿರಾಗಿ ನಿಂತಿತು. ಆ ಸಲ ಬೆಳೆಯೂ ಚೆನ್ನಾಗಿ ಬಂತು. ಬರಬಾರದಿತ್ತು.

ಚುನಾವಣೆ ಹತ್ತಿರವಾಗಿತ್ತು. ಪಿಳ್ಳಪ್ಪ ಜಗಲಿಗೆ ಬಂದ. ಕೂರಲಿಲ್ಲ.

“ಅಣ್ಣಯ್ಯ, ನಿಂದು ಬುಡಿಸ್ಕಂಡೆ. ಅಲ್ವಾ?”

“ಇಲ್ಲ ಕಣ್ಲಾ. ಅದೂ ಓಯ್ತದೆ.”

“ಯಾವಾಗ? ನಾವೆಲ್ಲ ಸತ್ತ ಮ್ಯಾಲಾ?”

ಮಾರಪ್ಪನವರು ಕೋಣೆಯತ್ತ ಕೈ ಮಾಡಿದರು. “ಟೈಪವ್ವನ್ನ ಕೇಳು. ರುಜು ಆಕ್ದೆ ಅರ್ದಾಕ್ಸಿವ್ನಿ.”

ನಾನು ಹೊರಗೆ ಬಂದು ನಡೆದದ್ದನ್ನು ನಡೆದಂತೆ ಹೇಳಿದೆ. ಆ ಮನೆಯಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎಂದುಕೊಂಡಿದ್ದೇನೆ. ಪಿಳ್ಳಪ್ಪ ಪೂರ್ತಿ ಕೇಳಿದ.

“ಸರಿ ಕಣವ್ವ. ನಿಮ್ಮಪ್ಪ ನಮ್ಮ ಜಮೀನ್ನಾಗೆ ಸೈಟು ಕೇಳವ್ರಂತಲ್ಲ, ಅದಕ್ಕೆ ರುಜು ಆಕಿಕೊಟ್ಟೋರು ಯಾರು?”

ನಾನು ಮಾರಪ್ಪನವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. “ನಾನೇ ಕಣ್ಲಾ” ಎಂದರು. ಪಿಳ್ಳಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಮಾರಪ್ಪನವರು ನನಗೆ ಮಾಡಿದ್ದ ಉಪಕಾರವೇ ನನ್ನ ಸಾಕ್ಷಿಗೆ ಬೆಲೆ ಇಲ್ಲದಂತೆ ಮಾಡಿತ್ತು. ನಾನು ಒಳಗೆ ಹೋಗಿ ಆಸ್ಪತ್ರೆಯ ಹಾಸಿಗೆಗೊಂದು ಪತ್ರ ಹೊಡೆದೆ. ಅದರಲ್ಲಿ ಎಷ್ಟು ತಪ್ಪಿತ್ತೋ.

ಚುನಾವಣೆಯಲ್ಲಿ ಮಾರಪ್ಪನವರು ಸೋತರು. ಎಣಿಕೆ ಮುಗಿದ ಸಂಜೆ ಏಜೆಂಟರು ಬಂದು ಲೆಕ್ಕ ಒಪ್ಪಿಸುತ್ತಿದ್ದರೆ ಅವರು ಕೇಳಿದ್ದು ಒಂದೇ: “ನಮ್ಮೂರಾಗೆ?” ಹೇಳಿದರು. ಮನೆಯವರೂ ಹತ್ತಿರದ ನೆಂಟರೂ ಹಾಕಿದ್ದಷ್ಟೇ ಬಂದಿತ್ತು. “ಸರಿ, ಊಟ ಮಾಡಿ ಓಗಿ ಎಲ್ಲ” ಎಂದು ಒಳಗೆ ಹೋದರು.

ಮುಂದಿನ ತಿಂಗಳು ಬುಲ್‌ಡೋಜರು ಬದು ದಾಟಿತು. ಚಪ್ಪರದ ಕಲ್ಲುಕಂಬಗಳು ಒಂದೊಂದಾಗಿ ಬೀಳುವುದನ್ನು ಊರು ನಿಂತು ನೋಡಿತಂತೆ. ಅದಾದ ಎರಡು ದಿನಕ್ಕೆ ಪಿಳ್ಳಪ್ಪ ಮತ್ತೆ ಬಂದ. ಜಗಲಿಯಲ್ಲಿ ಜನ ಇರಲಿಲ್ಲ. ಸೋತವರ ಜಗಲಿ ಬಹಳ ವಿಶಾಲವಾಗಿ ಕಾಣುತ್ತದೆ. ಅವನು ಗೋಡೆಗೊರಗಿ ಕೂತ. ಮಾರಪ್ಪನವರೂ ಕೂತರು. ಬೋರ್‌ವೆಲ್ಲಿನ ವಿಷಯ, ಯಾರದೋ ಮಗಳ ಮದುವೆಯ ವಿಷಯ ಆಡಿದರು. ಲಕ್ಷ್ಮಮ್ಮನವರು ಅವನಿಗೆ ಮುದ್ದೆ ಬಡಿಸಿದರು, ತುಸು ದೂರದಿಂದ. ಅವನು ಉಂಡು ಹೊರಟ. ತೋಟದ ಸುದ್ದಿ ಎರಡೂ ಕಡೆಯಿಂದ ಬರಲಿಲ್ಲ.

ನಾನು ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ, ಹೊಡೆಯಲು ಏನೂ ಇರಲಿಲ್ಲ. ಅವರು ಸಂಜಯನಗರದ ಮನೆ ಖಾಲಿ ಮಾಡಿ, ಹುಣಸಮಾರನಹಳ್ಳಿಯಲ್ಲಿ ಲಕ್ಷ್ಮಮ್ಮನವರ ಅಣ್ಣಂದಿರ ಜಮೀನಿನಲ್ಲಿ ಮತ್ತೆ ಬಳ್ಳಿ ಹಾಕಿದರೆಂದು ಕೇಳಿದೆ.

ನಮ್ಮಪ್ಪನಿಗೆ ಆ ಬಡಾವಣೆಯಲ್ಲೇ ಸೈಟು ಬಂತು. ಮನೆ ಏಳಲು ಇನ್ನೂ ಮೂರು ವರ್ಷ ಹಿಡಿಯಿತು. ಗೃಹಪ್ರವೇಶಕ್ಕೆ ಮಾರಪ್ಪನವರನ್ನು ಕರೆಯಬೇಕೆಂದು ನಾನು; ಬೇಡ, ಅವರಿಗೇ ಸಂಕಟ ಎಂದು ಅಪ್ಪ. ಅಪ್ಪನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಕೊನೆಗೆ ನಾನೇ ಹೋಗಿ ಕರೆದು ಬಂದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಬಂದರು. ಅದೇ ಬಿಳಿ ಪಂಚೆ, ಅದೇ ಚಪ್ಪಲಿ. ಅವರು ಹೋಮದ ಹೊಗೆಯಲ್ಲಿ ಒಂದು ಮೂಲೆ ಹಿಡಿದು ಕೂತಿದ್ದಾಗ ಪಕ್ಕದ ಸೈಟಿನ ಹೊಸ ನೆರೆಯವರೊಬ್ಬರು ಅಪ್ಪನನ್ನು, “ಇವರು ಯಾರು ಸಾರ್?” ಎಂದು ಕೇಳಿದರು.

ಶಿಫಾರಸಿನಿಂದ ಸೈಟು ಪಡೆದರೆಂದು ಬಡಾವಣೆಯಲ್ಲಿ ಮೊದಲ ದಿನವೇ ಹೆಸರಾಗುವುದು ಅಪ್ಪನಿಗೆ ಬೇಡವಾಗಿತ್ತು. “ನಮ್ಮ ಹುಡುಗಿಗೆ ಪರಿಚಯದವರು. ಯಲಹಂಕದ ಕಡೆಯೋರು” ಎಂದರು.

ನನಗೆ ಕೇಳಿಸಿತು. ಮಾರಪ್ಪನವರಿಗೂ ಕೇಳಿಸಿತು. ನಾನು ಬಾಯಿ ತೆರೆಯಬಹುದಿತ್ತು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಳಗೆ ಹೋದೆ. ಹಿಂದಿನಿಂದ ಅವರ ದನಿ ಬಂತು, “ಔದು ಸ್ವಾಮಿ, ಆ ಕಡೆಯೋರೇಯ.”

ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಹುಳಿ ಚೆನ್ನಾಗಿದೆಯೆಂದು ಅಮ್ಮನನ್ನು ಕರೆದು ಹೇಳಿದರು. ಲಕ್ಷ್ಮಮ್ಮನವರು ನನಗೊಂದು ರವಿಕೆ ಕಣ ಕೊಟ್ಟು, ನೆತ್ತಿಯ ಮೇಲೆ ಕೈಯಿಟ್ಟರು. ಗೇಟಿನ ತನಕ ನಾನು ಜೊತೆಗೆ ಹೋದೆ. ಹೊರಗೆ ಬಿಸಿಲಿನಲ್ಲಿ ನಾಲ್ಕೂ ಕಡೆ ಒಂದೇ ಥರದ ಅಡ್ಡರಸ್ತೆಗಳು, ಒಂದೇ ಥರದ ಅರ್ಧ ಎದ್ದ ಗೋಡೆಗಳು. ಮಾರಪ್ಪನವರು ಎಡಕ್ಕೊಮ್ಮೆ ನೋಡಿದರು, ಬಲಕ್ಕೊಮ್ಮೆ ನೋಡಿದರು, ಕಣ್ಣಿಗೆ ಕೈ ಅಡ್ಡ ಹಿಡಿದು ದೂರಕ್ಕೂ ನೋಡಿದರು.

“ಟೈಪವ್ವಾ,” ಎಂದರು, “ಬಸ್ಸು ಎಲ್ಲಿ ನಿಲ್ತದವ್ವ?”

ಅವರು ಹುಟ್ಟಿ ಬೆಳೆದ ಊರು. ನಾನು ಅಲ್ಲಿಗೆ ಬಂದದ್ದು ಹೆಚ್ಚೆಂದರೆ ಹನ್ನೊಂದು ಸಲ. ಬಲಕ್ಕೆ ಹೋಗಿ, ಎರಡನೇ ತಿರುವಿನಲ್ಲಿ ಎಡಕ್ಕೆ ಎಂದು ನಾನು ದಾರಿ ತೋರಿಸಿದೆ.